ರಕ್ತದ ಪುಸ್ತಕದಲ್ಲಿ ನಾನು ಬರೆದ ಎರಡು ಅಂಕಿ

ಇಂಚರ, ತೇಜು—

ನಿಮ್ಮ ತಾತನ ರಕ್ತ ಪರೀಕ್ಷೆಯ ಪುಸ್ತಕದಲ್ಲಿ ಕೊನೆಯ ಎರಡು ಅಂಕಿಗಳನ್ನು ಬರೆದವಳು ನಾನು, ನಿಮ್ಮ ಅಜ್ಜಿ. ಆ ಎರಡು ತಿಂಗಳು ಪರೀಕ್ಷೆಯೇ ಆಗಿರಲಿಲ್ಲ. ನಾನೇ ಒಂದು ಅಂಕಿ ಯೋಚಿಸಿ, ಒಳಮನೆಯ ಕಿಟಕಿಯ ಬಳಿ ಕೂತು, ನೀಲಿ ಪೆನ್ನಿನಲ್ಲಿ ಬರೆದೆ. ಆ ಅಂಕಿಗಳನ್ನು ನಂಬಿದ್ದರಿಂದ ಅವರ ಮಾತ್ರೆ ಬದಲಾಗಲಿಲ್ಲ. ನಿಮ್ಮ ತಾತ ಹೋದರು. ಆ ಸಾವಿನ ಹೊರೆಯನ್ನು ಹತ್ತು ವರ್ಷದಿಂದ ಹೊತ್ತಿರುವವರು ಮಾತ್ರ ಬೇರೆ—ನಿಮ್ಮ ತಾತನ ಅಕ್ಕ, ಪುಟ್ಟತಾಯಮ್ಮ. ಅವರು ಯಾವ ತಪ್ಪನ್ನೂ ಮಾಡಿದವರಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಸುತ್ತಿ ಬಳಸಿ ಬಂದರೆ ಎಲ್ಲೋ ನಡುವೆ ನಿಂತುಬಿಡುತ್ತೇನೆ ಎಂಬ ಭಯ ನನಗೆ. ನಿಂತು ನಿಂತೇ ಅಲ್ಲವೇ ಹತ್ತು ವರ್ಷ ಕಳೆದದ್ದು.

ನಿಮ್ಮಪ್ಪ ಒಂಬತ್ತು ದಿನದಿಂದ ನನ್ನೊಡನೆ ಮಾತಾಡಿಲ್ಲ. ಯಾಕೆಂದು ನೀವಿಬ್ಬರೂ ಕೇಳಿದಿರಿ. ಕಾರಣ ಇದೇ. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಓದಲು ಬರೆಯಲು ಬರುತ್ತದೆ. ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಉತ್ತರ ಗೊತ್ತಿದ್ದರೂ ಗಂಟಲು ಕಟ್ಟುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೂ ಹಾಗೆಯೇ. ಅಂಗಡಿಯಲ್ಲಿ ನಾಲ್ಕು ಗಂಡಸರು ನಿಂತಿದ್ದರೆ ಸಕ್ಕರೆ ಕೇಳದೆ ವಾಪಸು ಬರುತ್ತಿದ್ದೆ. “ನಮ್ಮ ಸಾಕಮ್ಮ ಬಲು ಸಂಕೋಚದೋಳು” ಎಂದು ನಿಮ್ಮ ತಾತ ಎಲ್ಲರೆದುರು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ಒಂದು ಒಳ್ಳೆಯ ಗುಣ ಅಂದುಕೊಂಡೇ ನಾನೂ ಬೆಳೆದೆ, ಬಾಳಿದೆ. ಅದರೊಳಗೆ ಏನು ಅಡಗಿದೆ ಎಂದು—ನೋಡಿರಲಿಲ್ಲ.

ನಿಮ್ಮ ತಾತನಿಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತಂತೆ. ಅದು ಎದೆಯೊಳಗಿನ ಕವಾಟವನ್ನು ತಿನ್ನುತ್ತಾ ಹೋದದ್ದು ಯಾರಿಗೂ ತಿಳಿಯಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ, ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊರುವಾಗ ಅವರಿಗೆ ಉಸಿರು ಸಿಕ್ಕದಾಯಿತು. ಬ್ಯಾರನ್ನು ನಿಮಗೆ ಗೊತ್ತು—ನಮ್ಮ ಹಿತ್ತಲಿನ ಆ ಎತ್ತರದ ಮನೆ, ಒಳಗೆ ಎಲೆ ತೂಗುಹಾಕಿ ಐದಾರು ದಿನ ಬೆಂಕಿ ಆರದ ಹಾಗೆ ಕಾಯುತ್ತೇವಲ್ಲ, ಅದು. ಆಮೇಲೆ ಕಾಲು ಊದಿತು. ಹುಣಸೂರಿನ ಡಾಕ್ಟರು ಕಿವಿಗೆ ಕೊಳವೆ ಇಟ್ಟು ಕೇಳಿ ಮೈಸೂರಿಗೆ ಚೀಟಿ ಬರೆದರು. ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವರ ಎದೆ ತೆರೆದು, ಹಳೆಯ ಕವಾಟ ತೆಗೆದು, ಲೋಹದ್ದೊಂದನ್ನು ಕೂರಿಸಿದರು.

ಹದಿನೆಂಟು ದಿನ ನಾನು ಅಲ್ಲಿದ್ದೆ. ಕಾಯುವವರ ಬೆಂಚಿನಲ್ಲಿ ನನ್ನ ಜೊತೆ ಕೂರುತ್ತಿದ್ದವರ ಮುಖಗಳು ಒಂದೊಂದಾಗಿ ಇಲ್ಲವಾಗುತ್ತಿದ್ದವು—ಕೆಲವರು ರೋಗಿಯನ್ನು ಕರೆದುಕೊಂಡು ನಗುತ್ತಾ ಹೋದರು, ಕೆಲವರು ಹಾಗೆ ಹೋಗಲಿಲ್ಲ. ನಮ್ಮ ಸರದಿ ಯಾವುದು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿರಲಿಲ್ಲ. ನಿಮ್ಮಮ್ಮ ಸವಿತ ನಾಲ್ಕು ತಿಂಗಳ ಬಸುರಿ. ನೀನು ಅವಳ ಹೊಟ್ಟೆಯಲ್ಲಿದ್ದೆ, ಇಂಚರ. ಆ ಹೊಟ್ಟೆ ಹೊತ್ತುಕೊಂಡು ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದು, ಡಾಕ್ಟರ ಹತ್ತಿರ ಅವಳೇ ಮಾತಾಡುತ್ತಿದ್ದಳು. ನಾನು ಅವಳ ಹಿಂದೆ ನಿಂತಿರುತ್ತಿದ್ದೆ.

ಮನೆಗೆ ಕಳಿಸುವ ದಿನ ಒಬ್ಬ ಮಲಯಾಳಿ ಸಿಸ್ಟರ್ ಹಳದಿ ರಟ್ಟಿನ ಪುಸ್ತಕವೊಂದನ್ನು ತಂದು, ಸವಿತಳಿಗೆ ಕೊಡದೆ ನನ್ನ ಕೈಗೇ ಇಟ್ಟಳು. “ಅಮ್ಮಾ, ತಾತನ ಜೊತೆ ಇರೋದು ನೀವಲ್ವಾ? ನೀವು ಕೇಳಿ. ಲೋಹದ ಮೇಲೆ ರಕ್ತ ಹೆಪ್ಪು ಕಟ್ಟುತ್ತೆ. ಕಟ್ಟಬಾರದು ಅಂತ ಈ ಮಾತ್ರೆ. ಜಾಸ್ತಿ ಆದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ. ತಿಂಗಳಿಗೊಂದು ಸಲ ರಕ್ತ ಕೊಡಿ, ಬಂದ ನಂಬರ್ ಇದರಲ್ಲಿ ಬರೆಸಿ, ಫೋಟೋ ತೆಗೆದು ನಮಗೆ ಕಳಿಸಿ. ಎರಡೂವರೆ ಮತ್ತು ಮೂರೂವರೆ ಮಧ್ಯೆ ಇರಬೇಕು. ಮಾತ್ರೆ ಎಷ್ಟು ಅಂತ ನಾವು ಹೇಳ್ತೀವಿ. ಮರೀಬೇಡಿ ಅಮ್ಮಾ.” ಊಟದ ವಿಷಯವನ್ನೂ ಹೇಳಿದಳು. ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ದಿನ ರಾಶಿ, ಒಂದು ದಿನ ಇಲ್ಲ ಎಂದಾಗಬಾರದು. ಯಾವಾಗಲೂ ಒಂದೇ ಅಳತೆ ಇರಲಿ, ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆ ಎಂದಳು.

ನಾನು ತಲೆಯಾಡಿಸಿದೆ. ಎಲ್ಲವೂ ಅರ್ಥವಾಗಿತ್ತು. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಅರ್ಥವಾಗದ ಮುದುಕಿ ಎಂದು ನೀವು ನನ್ನನ್ನು ಕ್ಷಮಿಸುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಅವರು ದಿನದಿಂದ ದಿನಕ್ಕೆ ಚೇತರಿಸಿಕೊಂಡರು. ಮೊದಲು ಜಗಲಿಯವರೆಗೆ, ಆಮೇಲೆ ಹುಣಸೆಮರದವರೆಗೆ, ಆಮೇಲೆ ಹೊಲದ ಬದುವಿನವರೆಗೆ ನಡೆದರು. ಒಂದು ವಿಷಯಕ್ಕೆ ಮಾತ್ರ ನನಗೆ ಒಗ್ಗಿಕೊಳ್ಳಲು ಆಗಲಿಲ್ಲ. ಅವರ ಎದೆಯಿಂದ ಸದ್ದು ಬರುತ್ತಿತ್ತು. ಮನೆ ಮೌನವಾಗಿದ್ದಾಗ, ಮಧ್ಯಾಹ್ನ ಅವರು ಚಾಪೆಯ ಮೇಲೆ ಮಲಗಿದ್ದಾಗ, ಎರಡು ಮಾರು ದೂರಕ್ಕೂ ಕೇಳುತ್ತಿತ್ತು—ಟಿಕ್, ಟಿಕ್, ಟಿಕ್. ಲೋಹದ ಕವಾಟ ಮುಚ್ಚುವ ಸದ್ದು ಅದು, ಒಳ್ಳೆಯದೇ ಎಂದು ಡಾಕ್ಟರು ಹೇಳಿದ್ದರು. ನಾನು ಅಕ್ಕಿ ಆರಿಸುತ್ತಾ ಅದನ್ನು ಎಣಿಸುತ್ತಿದ್ದೆ. ಎಣಿಸುತ್ತಾ ಎಣಿಸುತ್ತಾ, ಇದು ನಿಂತರೆ—ಎಂದು ಅಲ್ಲಿಗೇ ಬಿಡುತ್ತಿದ್ದೆ.

ಪುಟ್ಟತಾಯಮ್ಮ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ರಾವಂದೂರಿನ ಆಚೆ ಅವರ ಊರು. ನಿಮ್ಮ ತಾತನಿಗಿಂತ ಒಂಬತ್ತು ವರ್ಷ ದೊಡ್ಡವರು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಬಂದಾಗಲೆಲ್ಲ ಸೆರಗಿನ ಗಂಟಿನಲ್ಲಿ ಹೊಲದ ಬೆರಕೆ ಸೊಪ್ಪು—ಅಣ್ಣೆ, ಗಣಿಕೆ, ಹೊನಗೊನ್ನೆ. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತು ಎದೆಯ ಸದ್ದಿಗೆ ಕಿವಿಗೊಟ್ಟರು.

“ಏನ್ಲಾ ಚಿಕ್ಕ, ಎದೇಲಿ ಗಡಿಯಾರ ಮಡೀಕಂಡಿದ್ದೀಯಂತೆ. ಟೈಮ್ ಎಷ್ಟು ಯೋಳ್ಲಾ ನೋಡಾನ.”

“ನೀನ್ ಬಂದ್ಯಲ್ಲ, ಇನ್ನೇನು, ಊಟದ್ ಟೈಮು ಕಣಕ್ಕ.”

ಅಡುಗೆಮನೆಯಲ್ಲಿ ನಾನು ಸಿಸ್ಟರ್ ಹೇಳಿದ್ದನ್ನು ಅವರಿಗೆ ಹೇಳಿದೆ. ನಗುತ್ತಿದ್ದವರ ಮುಖ ಗಂಭೀರವಾಯಿತು. “ಆ ಹುಡ್ಗಿ ಏನಂದ್ಲು, ಇನ್ನೊಂದ್ಸಾರಿ ಯೋಳು ಸಾಕಮ್ಮ” ಎಂದರು. ಮತ್ತೊಮ್ಮೆ ಹೇಳಿದೆ. ಅವರು ಪಾತ್ರೆ ಸ್ಟ್ಯಾಂಡಿನಲ್ಲಿ ಹುಡುಕಿ ಒಂದು ಚಿಕ್ಕ ಸ್ಟೀಲ್ ಬಟ್ಟಲು ತೆಗೆದುಕೊಂಡರು. “ಇದ್ರಲ್ಲಿ ಒಂದು. ದೇವ್ರೇ ಬಂದು ಕೇಳುದ್ರೂ ಎರಡ್ನೇದು ಇಲ್ಲ.”

ನಿಮ್ಮ ತಾತ ಬಟ್ಟಲು ನೋಡಿ ಮುಖ ಸಿಂಡರಿಸಿದರು. “ಅಕ್ಕ, ಇದು ಸಾರೋ, ತೀರ್ಥವೋ?”

“ತೀರ್ಥ ಅಂದ್ಕಂಡೇ ಕುಡಿ. ಮೂತಿ ನೋಡು!”

ಅಂದಿನಿಂದ ಕೊನೆಯವರೆಗೂ ಪುಟ್ಟತಾಯಮ್ಮ ಆ ಬಟ್ಟಲಿನ ಅಳತೆ ಮೀರಲಿಲ್ಲ. ತಾವಿಲ್ಲದ ದಿನಗಳಲ್ಲೂ ಅದೇ ಅಳತೆಯಲ್ಲಿ ಹಾಕು ಎಂದು ನನಗೂ ಹೇಳಿಹೋಗುತ್ತಿದ್ದರು. ನಾನು ಕಣ್ಣಾರೆ ಕಂಡದ್ದು ಇದು. ಕಂಡವಳು ನಾನೊಬ್ಬಳೇ.

ಮೊದಲ ಮೂರು ತಿಂಗಳು ಹುಣಸೂರಿನ ಲ್ಯಾಬಿಗೆ ಸವಿತ ಜೊತೆಗೆ ಬಂದಳು. ಅವಳೇ ಹೆಸರು ಬರೆಸುವಳು, ಅವಳೇ ಪುಸ್ತಕ ಕೊಡುವಳು. 2.8, 3.1, 2.7. ನಿಮ್ಮಪ್ಪ ಮಂಜು ಪುಟದ ಫೋಟೋ ತೆಗೆದು ಮೈಸೂರಿಗೆ ಕಳಿಸುವನು. “ಇದೇ ಮಾತ್ರೆ ಮುಂದುವರಿಸಿ” ಎಂದು ಅಲ್ಲಿಂದ ಉತ್ತರ ಬರುವುದು. ಆಷಾಢ ಬರುವ ಮೊದಲೇ ಸವಿತಳನ್ನು ಹೆರಿಗೆಗೆಂದು ಸಾಲಿಗ್ರಾಮದ ತವರಿಗೆ ಕಳಿಸಿದೆವು. ಅಷ್ಟು ಹೊತ್ತಿಗೆ ಹೊಲದಲ್ಲಿ ಎಲೆ ಮುರಿಯುವ ಕೆಲಸ ಶುರುವಾಗಿತ್ತು. ಮುರಿದ ಎಲೆಯನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ಬೆಂಕಿ ಹಾಕಬೇಕು. ಶಾಖ ಒಂದು ಗಳಿಗೆ ತಪ್ಪಿದರೂ ವರ್ಷದ ದುಡಿಮೆ ಕಪ್ಪಾಗುತ್ತದೆ. ಮಂಜು ಬ್ಯಾರನ್ನಿನ ಬಾಯಿ ಬಿಟ್ಟು ಏಳುವ ಹಾಗಿರಲಿಲ್ಲ. “ಅವ್ವ, ಈ ಸಲ ಅಪ್ಪನ್ನ ನೀನೇ ಕರ್ಕೊಂಡೋಗಿ ರಕ್ತ ಕೊಡಿಸ್ಕಂಡು ಬಂದ್ಬುಡು” ಎಂದ. ಹೂಂ ಎಂದೆ.

ಮೊದಲ ವಾರ ಆಳುಗಳಿಗೆ ಅಡುಗೆಯಾಗಬೇಕಿತ್ತು. ಎರಡನೆಯ ವಾರ ಕಡ್ಡಿಗೆ ಕಟ್ಟಲು ಜನ ಸಾಲದಾಯಿತು. ಮೂರನೆಯ ವಾರ ನಾವಿಬ್ಬರೂ ಬಸ್ಸಿಗೆ ಹೊರಟು ರಸ್ತೆಯವರೆಗೆ ಬಂದೆವು. ಬಸ್ಸು ಬರುವುದು ಕಾಣಿಸಿತು. ನನಗೆ ಆ ಲ್ಯಾಬಿನ ಕಿಟಕಿ ನೆನಪಾಯಿತು—ಅದರ ಮುಂದೆ ನಿಂತ ಜನ, ಒಳಗೆ ಕೂತ ಹುಡುಗ ತಲೆಯೆತ್ತದೆ “ಏನು?” ಎನ್ನುವುದು, ಅಷ್ಟು ಜನರ ಎದುರು ನಾನು ಬಾಯಿಬಿಟ್ಟು ಆ ಇಂಗ್ಲಿಷ್ ಪರೀಕ್ಷೆಯ ಹೆಸರು ಹೇಳಬೇಕಾದದ್ದು. “ನಿಮಗೆ ಸುಸ್ತಾಗಿದೆ, ಮುಖ ಬಾಡಿದೆ, ಇನ್ನೊಂದಿನ ಹೋಗೋಣ” ಎಂದೆ.

“ನಂಗೇನೂ ಸುಸ್ತಿಲ್ಲ ಕಣೆ” ಎಂದರು ಅವರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೆ ಈಗಲೂ ಅನಿಸುತ್ತದೆ. “ಸರಿ ಬುಡು, ಮುಂದಿನ್ ವಾರ ಹೋದ್ರಾಯ್ತು.” ಬಸ್ಸು ನಿಂತು, ಕಂಡಕ್ಟರ್ ಕೂಗಿ, ಹೊರಟುಹೋಯಿತು.

ಬ್ಯಾರನ್ನಿನ ಕೆಲಸ, ಆಳುಗಳ ಅಡುಗೆ—ಇವೆಲ್ಲ ಇದ್ದದ್ದು ನಿಜ. ಆದರೆ ಅವು ಕಾರಣವಲ್ಲ. ಒಂದು ಕಿಟಕಿಯ ಮುಂದೆ ನಿಂತು ಮಾತಾಡಲು ನನಗೆ ನಾಚಿಕೆಯಾಯಿತು. ಇದ್ದದ್ದು ಅಷ್ಟೇ. ಮಂಜುವಿಗೆ ಹೇಳಿದ್ದರೆ ಬೆಂಕಿಯನ್ನು ಯಾರಿಗಾದರೂ ಒಪ್ಪಿಸಿ ಬೈಕು ಹತ್ತುತ್ತಿದ್ದ. ಅದನ್ನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅವನು ಕೈಗೆಲ್ಲ ಎಲೆಯ ಕಪ್ಪು ಅಂಟು ಮೆತ್ತಿಸಿಕೊಂಡು ತಿಂಡಿಗೆ ಬಂದ.

“ಅವ್ವ, ಅಪ್ಪನ ಟೆಸ್ಟು ಆಯ್ತಾ?”

ಆಗಿಲ್ಲ ಎನ್ನಬೇಕಿತ್ತು. ಅವನು ರೇಗುತ್ತಿದ್ದ, ಅಷ್ಟೇ. ನಾನು ರೊಟ್ಟಿ ತಟ್ಟುತ್ತಾ, ತಿರುಗದೆ, “ಹೂಂ, ಆಯ್ತು” ಎಂದೆ.

“ಎಷ್ಟ್ ಬಂತು?”

“ಎರಡು ಪಾಯಿಂಟ್ ಎಂಟು.”

ಅದು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು, ಮಕ್ಕಳೇ. ಹುಟ್ಟಿದಾಗಿನಿಂದ ಯಾವ ಮಾತೂ ನನಗೆ ಅಷ್ಟು ಸಲೀಸಾಗಿ ಬಂದದ್ದಿಲ್ಲ.

“ಸರಿ, ಫೋಟೋ ತೆಗೀತೀನಿ, ಪುಸ್ತಕ ತೆಗ್ದಿಡು” ಎಂದು ಅವನು ಕೈ ತೊಳೆಯಲು ಹೋದ. ನಾನು ಒಲೆಯ ಮೇಲೆ ರೊಟ್ಟಿ ಬಿಟ್ಟು ಒಳಗೆ ಹೋದೆ. ಪುಸ್ತಕ ತೆಗೆದೆ. ಲ್ಯಾಬಿನ ಹುಡುಗ 2ರ ಬಾಲ ಎಳೆದು ಬರೆಯುತ್ತಿದ್ದ. ಹಳೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಸಲ ಬರೆದು ಕೈ ಹದ ಮಾಡಿಕೊಂಡು ಆಮೇಲೆ ಪುಸ್ತಕದಲ್ಲಿ ಬರೆದೆ. ರೊಟ್ಟಿ ಸೀದ ವಾಸನೆ ಮನೆ ತುಂಬಿತು. ನಿಮ್ಮ ತಾತ ಬಾಗಿಲಲ್ಲಿ ಬಂದು ನಿಂತರು.

“ಏನ್ ಬರೀತಿದ್ದೀಯೆ?”

“ಸಾಮಾನಿನ ಪಟ್ಟಿ.”

ಅವರಿಗೆ ಓದಲು ಬರುತ್ತಿರಲಿಲ್ಲ. “ಬೆಲ್ಲ ಸೇರ್ಸು” ಎಂದು ಹೊರಗೆ ಹೋದರು. ಎದೆಯ ಸದ್ದು ಅವರ ಹಿಂದೆಯೇ ಹೋಯಿತು.

ಒಂದು ತಿಂಗಳ ಮಾತು, ಮುಂದಿನ ತಿಂಗಳು ಖಂಡಿತ ಹೋಗುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಶ್ರಾವಣದಲ್ಲಿ ನೀನು ಹುಟ್ಟಿದೆ, ಇಂಚರ. ನಾವು ಸಾಲಿಗ್ರಾಮಕ್ಕೆ ಹೋಗಿ ನಿನ್ನನ್ನು ನೋಡಿ ಬಂದೆವು. ನಿನ್ನನ್ನು ತಾತನ ಎದೆಗೆ ಒರಗಿಸಿದಾಗ ನೀನು ಅಳು ನಿಲ್ಲಿಸಿ ಆ ಸದ್ದಿಗೆ ಕಣ್ಣರಳಿಸಿದ್ದೆ. ಸಾಲಿಗ್ರಾಮಕ್ಕೆ ಹೋಗಲು ನನಗೆ ಪುರುಸೊತ್ತಿತ್ತು. ಹುಣಸೂರಿಗೆ ಹೋಗಲು ಇರಲಿಲ್ಲ. ಎರಡನೆಯ ತಿಂಗಳು ಕೂಡ ನಾನೇ ಬರೆದೆ. ಈ ಸಲ ಯಾರೂ ಕೇಳುವ ಮೊದಲೇ ಬರೆದಿಟ್ಟೆ. ಮತ್ತೆ 2.8 ಎಂದು ಬರೆದರೆ ಅನುಮಾನ ಬಂದೀತೆಂದು 2.9 ಎಂದು ಬರೆದೆ.

ಮೊದಲನೆಯದನ್ನು ಹೆದರಿ ಬರೆದೆ ಎನ್ನಬಹುದು. ಎರಡನೆಯದಕ್ಕೆ ಏನೆನ್ನಲಿ?

ಮಂಜು ಫೋಟೋ ಕಳಿಸಿದ. “ಇದೇ ಮಾತ್ರೆ ಮುಂದುವರಿಸಿ” ಎಂದು ಉತ್ತರ ಬಂತು.

ಆ ಹೊತ್ತಿಗೆ ಇನ್ನೊಂದು ಆಗಿತ್ತು. ಮಧ್ಯಾಹ್ನ ಅವರು ಮಲಗಿದ್ದಾಗ ಸದ್ದು ಮೊದಲಿನ ಹಾಗೆ ಕೇಳುತ್ತಿರಲಿಲ್ಲ. ಟಿಕ್ ಎನ್ನುವುದು ಹೋಗಿ, ಬಟ್ಟೆಯಲ್ಲಿ ಸುತ್ತಿ ತಟ್ಟಿದ ಹಾಗೆ ಮಂದವಾಗಿತ್ತು. ಹತ್ತಿರ ಬಾಗಿದರೆ ಮಾತ್ರ ಕೇಳುತ್ತಿತ್ತು. ನನಗೆ ಎದೆ ಝಲ್ಲೆಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹಾಯೆನಿಸಿತು. ಮೈ ಅದನ್ನು ಒಪ್ಪಿಕೊಂಡಿತು, ಇನ್ನು ಅದು ಅವರದೇ ಆಯಿತು ಎಂದುಕೊಂಡೆ. ಎಣಿಸುವುದನ್ನು ಬಿಟ್ಟು ನೆಮ್ಮದಿಯಾಗಿ ಅಕ್ಕಿ ಆರಿಸಿದೆ.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಪುಟ್ಟತಾಯಮ್ಮ ಸೊಪ್ಪು ತಂದು, ಬಟ್ಟಲಲ್ಲಿ ಅಳೆದು ಬಡಿಸಿ, ತಮ್ಮನಿಗೆ ಹುಷಾರು ಹೇಳಿ ಹೋಗಿದ್ದರು. ಹಬ್ಬದ ಬೆಳಿಗ್ಗೆ ನಿಮ್ಮ ತಾತ ಜಗಲಿಯಲ್ಲಿ ಕೂತು ಒಣಗಿದ ಎಲೆ ಬಿಡಿಸುತ್ತಿದ್ದರು. ನಾನು ರಂಗೋಲಿ ಮುಗಿಸಿ ತಲೆಯೆತ್ತಿದೆ. ಅವರ ಕೈಯಿಂದ ಎಲೆ ಜಾರಿತು. ಎತ್ತಿಕೊಳ್ಳಲು ಬಾಗಿದರು, ಕೈ ಎಲೆಯ ಪಕ್ಕದ ನೆಲವನ್ನು ತಡವಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನನ್ನನ್ನು ನೋಡಿ ಏನೋ ಹೇಳಿದರು. ಮಾತಾಗಿರಲಿಲ್ಲ ಅದು.

ಮೈಸೂರಿನಲ್ಲಿ ರಕ್ತ ತೆಗೆದು ನೋಡಿದರು. 1.3 ಬಂತು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಒಂದು ಚೂರು ತಲೆಗೆ ಹೋಗಿದೆ ಎಂದರು. ಡಾಕ್ಟರು ಹಳದಿ ಪುಸ್ತಕ ತೆರೆದು ನನ್ನ ಅಕ್ಷರದ ಮೇಲೆ ಬೆರಳಿಟ್ಟರು. “ಹದಿನೈದು ದಿನದ ಹಿಂದೆ 2.9 ಇದೆ. ಇಷ್ಟು ಬೇಗ ಹೇಗೆ ಬಿತ್ತು? ನಾಟಿ ಔಷಧಿ ಏನಾದ್ರೂ ಕೊಟ್ರಾ? ಊಟದಲ್ಲಿ ಬದಲಾವಣೆ? ಎದೆ ಸದ್ದು ಕಡಿಮೆ ಆಗಿದ್ದು ಗಮನಿಸಿದ್ರಾ?”

“ಗೊತ್ತಾಗ್ಲಿಲ್ಲ ಸಾರ್” ಎಂದೆ.

ಮಂಜು ನನ್ನ ಕಡೆ ತಿರುಗಿದ. “ಏನವ್ವ ತಿಂದ್ರು ಅಪ್ಪ? ನೆಪ್ಪು ಮಾಡ್ಕಂಡು ಯೋಳವ್ವ.”

ಡಾಕ್ಟರ ಬೆರಳು ಇನ್ನೂ ಆ ಅಂಕಿಯ ಮೇಲೆಯೇ ಇತ್ತು. ಅದನ್ನೇ ನೋಡುತ್ತಾ ನಾನು ಹೇಳಿದೆ—“ಅತ್ಗೆ ಸೊಪ್ಪು ತಂದಿದ್ರು.”

ಅಷ್ಟೇ ಮಾತು. ಅದರಲ್ಲಿ ಸುಳ್ಳಿನ ಒಂದಕ್ಷರವಿಲ್ಲ. ಸೊಪ್ಪು ತಂದದ್ದು ನಿಜ. ಬಟ್ಟಲಿನ ವಿಷಯ ಹೇಳಲಿಲ್ಲ. ಆ ಮಾತು ಯಾರ ಮೇಲೆ ಬೀಳುತ್ತದೆ ಎಂದು ತಿಳಿದೇ ಆಡಿದೆ. ಡಾಕ್ಟರು, “ಹೆಚ್ಚು ತಿಂದಿದ್ದರೆ ಅದೂ ಒಂದು ಕಾರಣ ಇರಬಹುದು” ಎಂದರು. ಇರಬಹುದು ಎಂದದ್ದು ಆಸ್ಪತ್ರೆಯ ಗೇಟು ದಾಟುವುದರೊಳಗೆ ಮಂಜುವಿನ ಬಾಯಲ್ಲಿ ಹೌದು ಎಂದಾಗಿತ್ತು. ಅವನಿಗೆ ಕೋಪ ಮಾಡಿಕೊಳ್ಳಲು ಯಾರಾದರೂ ಬೇಕಾಗಿತ್ತು. ಆ ಯಾರೋ ಒಬ್ಬರನ್ನು ನಾನು ಅವನ ಕೈಗೆ ಕೊಟ್ಟಿದ್ದೆ.

ಆ ರಕ್ತ ಯಾಕೆ ಬದಲಾಯಿತೋ ಯಾರಿಗೂ ತಿಳಿಯದು. ಅದು ತಾನಾಗಿಯೇ ಏರಿಳಿಯುತ್ತದಂತೆ. ತಿಂಗಳು ತಿಂಗಳು ನೋಡಿ ಎಂದು ಹೇಳಿದ್ದೇ ಅದಕ್ಕೆ.

ಆರನೆಯ ದಿನ ನಿಮ್ಮ ತಾತ ಹೋದರು.

ತಿಥಿಯ ದಿನ ಅಂಗಳದ ತುಂಬ ನೆಂಟರು, ಊರವರು. ಪುಟ್ಟತಾಯಮ್ಮ ತಮ್ಮನ ಫೋಟೋದ ಮುಂದೆ ಎಡೆ ಬಡಿಸಲು ಎಲೆಯ ಹತ್ತಿರ ಕೂತರು. ಮಂಜು ಅವರ ಕೈಯಿಂದ ಸೌಟು ಕಿತ್ತುಕೊಂಡ.

“ನೀನ್ ಬಡಿಸ್ಬ್ಯಾಡ. ಬಡಿಸಿ ಬಡಿಸಿಯೇ ನಮ್ಮಪ್ಪನ್ನ ಕಳ್ಸುದ್ಯಲ್ಲ ಅತ್ತೆ. ನಿನ್ ಸೊಪ್ಪೇ ಅವನ್ನ ತಿಂದ್ಕತು.”

ಪುಟ್ಟತಾಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವರು ಅವನನ್ನು ನೋಡದೆ ನನ್ನನ್ನು ನೋಡಿದರು. “ಸಾಕಮ್ಮ, ನೀನಾರ ಯೋಳವ್ವ. ಬಟ್ಲಲ್ಲಿ ಅಳ್ದೇ ಅಲ್ವಾ ನಾನ್ ಆಕ್ತಿದ್ದುದ್ದು? ಯೋಳು.”

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಜೋರಾಗಿ ಅತ್ತೆ. ಪಕ್ಕದ ಹೆಂಗಸರು ನನ್ನನ್ನು ತಬ್ಬಿಕೊಂಡರು. “ಅಯ್ಯೋ, ಅವ್ಳನ್ನ ಯಾಕ್ ಕೇಳ್ತೀರ, ಅವ್ಳಿಗೇನ್ ಮಾತಾಡಾಕ್ ಬತ್ತದಾ” ಎಂದು ಯಾರೋ ಅಂದರು. ಸೆರಗಿನೊಳಗೆ ನಾನು ಬೆಚ್ಚಗಿದ್ದೆ. ಸೆರಗು ತೆಗೆದಾಗ ಪುಟ್ಟತಾಯಮ್ಮ ಇರಲಿಲ್ಲ. ಊಟ ಮಾಡದೆ ಬಸ್ಸಿಗೆ ಹೋದರಂತೆ. ಹೆತ್ತವಳಂತೆ ಸಾಕಿದ ತಮ್ಮನ ತಿಥಿಯ ಊಟ ಮಾಡದೆ.

ಅಂದಿನಿಂದ ಅವರು ಈ ಹೊಸಿಲು ತುಳಿದಿಲ್ಲ. ಮದುವೆ, ನಾಮಕರಣ, ಯಾವುದಕ್ಕೂ ಕರೆ ಹೋಗಲಿಲ್ಲ. ಇನ್ನೊಬ್ಬರ ಮನೆಯ ಕಾರ್ಯದಲ್ಲಿ ಅವರು ಅಡುಗೆಗೆ ಕೈ ಹಾಕಿದರೆ ನಮ್ಮ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆಂದು ಕೇಳಿದೆ. ಕೇಳಿ ಸುಮ್ಮನಿದ್ದೆ. ಹತ್ತು ವರ್ಷ.

ಕಳೆದ ತಿಂಗಳು ನೀನು ಹೋಬಳಿ ಮಟ್ಟದ ಆಟಕ್ಕೆ ರಾವಂದೂರಿಗೆ ಹೋಗಿದ್ದೆ, ಇಂಚರ. ಸಂಜೆ ಬಂದು ಪದಕ ತೋರಿಸಿದೆ. ಆಮೇಲೆ ಜಂಬದಿಂದ ಹೇಳಿದೆ—ಒಬ್ಬ ಮುದುಕಿ ಬಂದು ನೀನು ಮಂಜುವಿನ ಮಗಳೇನವ್ವ ಎಂದು ಕೇಳಿ, ಗಲ್ಲ ಸವರಿ, ಎರಡು ಸೀಬೆಹಣ್ಣು ಕೊಟ್ಟಳು. ಜೊತೆಗಿದ್ದವರು ಆಕೆ ಯಾರೆಂದು ಹೇಳಿದ ಕೂಡಲೇ ನೀನು ಆ ಹಣ್ಣನ್ನು ಅವಳ ಕಣ್ಣೆದುರೇ ಚರಂಡಿಗೆ ಎಸೆದೆ. “ತಾತನ್ನ ಸಾಯ್ಸಿದ ಅಜ್ಜಿ ಅಲ್ವಾ ಅದು? ನಾನ್ಯಾಕ್ ತಿನ್ಲಿ?” ಎಂದೆ. ನಿಮ್ಮಪ್ಪ ನಿನ್ನ ತಲೆ ನೇವರಿಸಿದ.

ನಾನು ಎದ್ದು ಹಿತ್ತಲಿಗೆ ಹೋದೆ. ನನ್ನ ಎರಡು ಅಂಕಿಗಳು ನಿನ್ನ ಕೈವರೆಗೆ ಬಂದಿದ್ದವು. ನಾನು ಹೋದ ಮೇಲೆ ನೀನು ನಿನ್ನ ಬೆನ್ನಿಗೆ ಹುಟ್ಟಿದ ತೇಜುವಿಗೆ ಹೇಳುತ್ತೀ, ನಿನ್ನ ಮಕ್ಕಳಿಗೆ ಹೇಳುತ್ತೀ. ಆ ಮಾತು ಮಣ್ಣಾಗುವುದಿಲ್ಲ.

ಹನ್ನೆರಡು ದಿನದ ಹಿಂದೆ, ಯಾರಿಗೂ ಹೇಳದೆ, ಒಬ್ಬಳೇ ಬಸ್ಸು ಹತ್ತಿದೆ. ಪುಟ್ಟತಾಯಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದರು. ಬೆನ್ನು ಬಾಗಿದೆ. ನನ್ನನ್ನು ನೋಡಿ ಕೂತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಿಂತೇ ಎಲ್ಲ ಹೇಳಿದೆ. ಬಸ್ಸು, ಕಿಟಕಿ, ಪೆನ್ನು, 2.8, 2.9. ಅಳು ಬಂತು.

“ಅಳ್ಬ್ಯಾಡ. ನಿನ್ ಅಳಾನ ನಾನ್ ಒಂದ್ಸಾರಿ ನೋಡಿದ್ದೀನಿ.”

ನುಂಗಿಕೊಂಡೆ. ಅವರು ಮೊರದಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು. ಆಮೇಲೆ, ಯಾರೊಂದಿಗೋ ಮಾತಾಡುವವರ ಹಾಗೆ—“ನಾನೂ ನಂಬ್ಬುಟ್ಟಿದ್ದೆ ಕಣೆ. ಬಟ್ಲು ದೊಡ್ದಾಗಿತ್ತೇನೋ, ಆ ದಿನ ಒಸಿ ಜಾಸ್ತಿ ಬಿತ್ತೇನೋ, ಅಂತ. ಎತ್ತಿ ಆಡ್ಸಿದ್ ತಮ್ಮನ್ನ ನನ್ ಕೈಯಾರೆ ಕಳ್ದೆ ಅಂದ್ಕಂಡೇ ಇಷ್ಟ್ ದಿನ ಅನ್ನ ತಿಂದೀವ್ನಿ.”

ಅವರು ನನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡು ಹೋಗಿದ್ದೆ. ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ನಾನು ಅವರಿಂದ ಕಿತ್ತುಕೊಂಡದ್ದು ಹೆಸರು, ಮನೆ, ಬಳಗ ಎಂದುಕೊಂಡಿದ್ದೆ. ಅವರ ಮನಸ್ಸಿನೊಳಗೇ ನಾನು ಅವರನ್ನು ಕೊಲೆಗಾತಿ ಮಾಡಿ ಕೂರಿಸಿದ್ದೆ.

“ತಪ್ಪಾಯ್ತು ಅತ್ಗೆ” ಎಂದೆ.

“ನನ್ ತಾವ ಯೋಳುದ್ರೆ ಏನ್ ಬಂತು? ಮಂಜಂಗೆ ಯೋಳುದ್ಯಾ?”

“ಇಲ್ಲ.”

“ಮೊದ್ಲು ಅವ್ನಿಗ್ ಯೋಳು. ಆಮೇಲೆ ಅಷ್ಟ್ ಜನದ್ ಮುಂದೆ ಆಡಿದ್ ಮಾತ್ನ ಅಷ್ಟೇ ಜನದ್ ಮುಂದೆ ಕೀಳು. ಕದ್ದು ಬಂದು ನನ್ ಕಾಲ್ ಹಿಡ್ದು ಓಗದಲ್ಲ.” ಮೊರ ಎತ್ತಿಕೊಂಡು ಎದ್ದರು. “ಬಸ್ಸು ನಾಕ್ ಗಂಟೆಗದೆ.” ಬಾಗಿಲು ಮುಚ್ಚಿತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ಮಂಜುವಿಗೆ ಹೇಳಿದೆ. ಅವನು ಎರಡೇ ಪ್ರಶ್ನೆ ಕೇಳಿದ. ಕಳಿಸಿದ ಫೋಟೋದಲ್ಲಿದ್ದದ್ದು ನಿನ್ನ ಕೈಬರಹವೇ ಎಂದು. ಹೌದು ಎಂದೆ. ತಿಥಿಯ ದಿನ ನಿನಗೆ ಎಲ್ಲ ಗೊತ್ತಿತ್ತೇ ಎಂದು. ಹೌದು ಎಂದೆ. ಅವನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಎರಡು ಸಲ ರಾವಂದೂರಿನ ಆಚೆಗೆ ಹೋಗಿ ಬಂದನೆಂದು ಸವಿತ ಹೇಳಿದಳು. ಅತ್ತೆ ಬಾಗಿಲು ತೆರೆದರೋ ಇಲ್ಲವೋ ಅವಳಿಗೂ ತಿಳಿಯದು.

ಬರುವ ಅಮಾವಾಸ್ಯೆಗೆ ಪಕ್ಷದ ಹಬ್ಬ. ಹಿರಿಯರಿಗೆ ಎಡೆ ಇಡುತ್ತೇವೆ. ಅಂದು ತಿಥಿಗೆ ಬಂದಿದ್ದ ಜನರಲ್ಲಿ ಉಳಿದವರೆಲ್ಲ ಬರುತ್ತಾರೆ. ಪುಟ್ಟತಾಯಮ್ಮನಿಗೂ ಹೇಳಿ ಕಳಿಸಿದ್ದೇನೆ. “ಬತ್ತೀನಿ ಅಂತ ಯೋಳಾಕಿಲ್ಲ” ಎಂದು ಉತ್ತರ ಬಂದಿದೆ.

ಈ ಹಾಳೆಗಳನ್ನು ಅಂದು ನಿನ್ನಿಂದ ಓದಿಸಿಬಿಡೋಣವೇ ಎಂಬ ಯೋಚನೆ ಬಂದಿತ್ತು, ಇಂಚರ. ನಿನ್ನ ದನಿ ಚೆನ್ನಾಗಿದೆ. ಬೇಡ. ನನ್ನದನ್ನು ಇನ್ನೊಬ್ಬರ ಮೇಲೆ ಹೊರಿಸಿದ್ದು ಸಾಕು. ಆ ಹಣ್ಣು ಎಸೆದದ್ದು ಕೂಡ ನಿನ್ನ ಲೆಕ್ಕಕ್ಕಲ್ಲ, ನನ್ನದಕ್ಕೆ. ಆದರೆ ಆಕೆಯ ಬಳಿಗೆ ಹೋಗಬೇಕೆಂದು ನಿನಗೇ ಅನಿಸಿದರೆ, ಯಾರೂ ನಿನ್ನನ್ನು ತಡೆಯದಿರಲಿ.

ಎಡೆ ಹಾಕುವ ಮೊದಲು ನಾನು ಅಂಗಳದ ನಡುವೆ ನಿಲ್ಲುತ್ತೇನೆ. ಗಂಟಲು ಕಟ್ಟುತ್ತದೆ, ನನಗೆ ಗೊತ್ತು. ಯಾರಾದರೂ ಬಂದು ನನ್ನನ್ನು ಕೂರಿಸಲು ನೋಡುತ್ತಾರೆ, ಪಾಪ, ಸಂಕೋಚದವಳು ಎನ್ನುತ್ತಾರೆ. ಕೂರುವುದಿಲ್ಲ. ಪುಟ್ಟತಾಯಮ್ಮ ಬಂದರೂ, ಬಾರದಿದ್ದರೂ, ಮಂಜು ಎದ್ದು ಹೋದರೂ—ಪೂರ್ತಿ ಹೇಳಿ ಮುಗಿಸುತ್ತೇನೆ.